ಹಿಂದಿನ ಸೀಟಿನಿಂದ ಕಂಡ ಕಾರಿನ ಚರಿತ್ರೆ

ಕಾರುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸ್ಟೇರಿಂಗ್ ಹಿಡಿದವನ ಪರವಾಗಿ ಬರೆಯುತ್ತಾರೆ. ಎಂಜಿನ್ನಿನ ಶಕ್ತಿ ಎಷ್ಟು, ಸೊನ್ನೆಯಿಂದ ನೂರು ಕಿಲೋಮೀಟರು ವೇಗಕ್ಕೆ ಎಷ್ಟು ಸೆಕೆಂಡಿನಲ್ಲಿ ಏರುತ್ತದೆ, ತಿರುವಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದೇ ಅವರ ವಿಚಾರ. ನಾನು ಜೀವಮಾನದಲ್ಲಿ ಕಾರು ನಡೆಸಿದವನಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ನಡುವೆ ಹಿಂದಿನ ಸೀಟಿನಲ್ಲಿ, ಚಿಕ್ಕಂದಿನಲ್ಲಿ ಬಂಧುಗಳ ತೊಡೆಯ ಮೇಲೆ, ಕೆಲಸಕ್ಕೆ ಸೇರಿದ ಮೇಲೆ ಅಪರಿಚಿತರ ಮೊಣಕೈಗಳ ನಡುವೆ ಕುಳಿತು ಓಡಾಡಿದವನು. ಆದ್ದರಿಂದ ಕಾರಿನ ಚರಿತ್ರೆಯನ್ನು ಅಲ್ಲಿಂದಲೇ ನೋಡಿ ಬರೆದರೆ ಹೇಗಿದ್ದೀತು ಎಂದು ಬಹುದಿನಗಳಿಂದ ಅನ್ನಿಸುತ್ತಿತ್ತು. ನನ್ನಲ್ಲಿ ಓದಿದವರಲ್ಲಿ ಅನೇಕರು ಈಗ ಕಾರು ಕೊಂಡಿದ್ದಾರೆ, ಕೆಲವರು ಕಾರು ಮಾಡುವ ಕಾರ್ಖಾನೆಗಳಲ್ಲೇ ದುಡಿಯುತ್ತಿದ್ದಾರೆ. ತಪ್ಪು ಕಂಡರೆ ತಿದ್ದಲಿ.

ನಮ್ಮ ಕಡೆ ಯಾವುದೇ ವಾಹನ ಮೊದಲ ಸಲ ಊರಿಗೆ ಬಂದಾಗ ಅದರ ಸುತ್ತ ನಿಂತವರು ಮೂರು ಪ್ರಶ್ನೆ ಕೇಳುತ್ತಾರೆ. “ಎಷ್ಟು ಮಂದಿ ಹಿಡಿತೈತ್ರಿ?” “ತಳ ಬಡಿತೈತೇನು?” “ಆವರೇಜ್ ಎಷ್ಟು ಕೊಡತೈತಿ?” ಪಿಕಪ್ ಹೇಗಿದೆ ಎಂಬ ನಾಲ್ಕನೆಯ ಪ್ರಶ್ನೆ ಹುಡುಗರದು, ಅದು ಬಂದದ್ದು ಈಚೆಗೆ. ಈ ಮೂರು ಪ್ರಶ್ನೆಗಳಲ್ಲಿ ನಮ್ಮ ಸೀಮೆಯ ಭೂಗೋಳ, ಮನೆತನ, ಆರ್ಥಿಕ ಸ್ಥಿತಿ ಮೂರೂ ಅಡಗಿವೆ. ಎರೆ ಭೂಮಿಯ ರಸ್ತೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ; ಮೇಲೆ ಹಾಕಿದ ಡಾಂಬರು ಅದರೊಡನೆ ಏಳುತ್ತ ಬೀಳುತ್ತ ಅಲೆಯಂತಾಗುತ್ತದೆ. ಆದ್ದರಿಂದ ತಳದ ಪ್ರಶ್ನೆ. ಜಾತ್ರೆಗಾಗಲಿ ಮದುವೆಗಾಗಲಿ ಒಬ್ಬರೇ ಹೋಗುವ ವಾಡಿಕೆ ನಮ್ಮಲ್ಲಿಲ್ಲ. ಆದ್ದರಿಂದ ಮಂದಿಯ ಪ್ರಶ್ನೆ.

ಆದರೆ ನಮ್ಮ ನಾಡಿನ ದೊರೆಗಾಗಿ ತಯಾರಾದ ಒಂದು ಪ್ರಸಿದ್ಧ ಕಾರಿನ ವಿನ್ಯಾಸಕಾರರಿಗೆ ಈ ಪ್ರಶ್ನೆಗಳು ತಿಳಿದಿರಲಿಲ್ಲ. 1948ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿಗೆ ಒಂದು ಸಿಲ್ವರ್ ಘೋಸ್ಟ್ ಕಾರಿಗೆ ಬೇಡಿಕೆ ಕೊಟ್ಟು, ಅದು ಕೈಗೆ ಬರುವ ಮೊದಲೇ 1911ರಲ್ಲಿ ತೀರಿಕೊಂಡರು. ಕಾರು ಬಂದದ್ದು ಅವರ ಮಗ ಉಸ್ಮಾನ್ ಅಲಿ ಖಾನರ ಕಾಲದಲ್ಲಿ. ಹಳದಿ ಬಣ್ಣದ ಆ ಕಾರಿನ ಹಿಂದಿನ ಆಸನವನ್ನು ಸಿಂಹಾಸನದಂತೆ ಎತ್ತರಿಸಿ ಕಟ್ಟಿದ್ದರು. ಬೀದಿಯ ಎರಡೂ ಬದಿಯ ಜನರಿಗೆ ದೊರೆ ಕಾಣಬೇಕೆಂಬುದೇ ಅದರ ವಿನ್ಯಾಸದ ಉದ್ದೇಶ. ಅದು ತನ್ನ ಕಾಲದಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ಈಗ ಅದು ಹೈದರಾಬಾದಿನ ಚೌಮಹಲ್ಲಾ ಅರಮನೆಯ ಆಕರ್ಷಣೆಗಳಲ್ಲೊಂದು. ಒಬ್ಬನೇ ಒಬ್ಬನಿಗಾಗಿ ಮಾಡಿದ ಹಿಂದಿನ ಸೀಟು ಎಂದರೆ ಅದು. ಅದೇ ಸಂಸ್ಥಾನದ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆ ಆರಂಭಿಸಿತು. ಪ್ರಜೆಗಳಿಗೆ ಮೋಟಾರು ಎಂದರೆ ಬಸ್ಸೇ. ಕಾರೆಂಬುದು ದೂರದಿಂದ ನೋಡುವ ವಸ್ತು.

ಸ್ವಾತಂತ್ರ್ಯ ಬಂದ ಮೇಲೆ ಸರಕಾರ ಒಂದು ನೀತಿಯನ್ನು ತಂದಿತು. ಇಲ್ಲಿ ಬಿಡಿಭಾಗ ಜೋಡಿಸಿ ಮಾರುವುದಲ್ಲ, ಇಲ್ಲಿಯೇ ತಯಾರಿಸಬೇಕು ಎಂದು 1953ರಲ್ಲಿ ನಿಶ್ಚಯವಾದಾಗ ಅಮೆರಿಕದ ಜನರಲ್ ಮೋಟರ್ಸ್ ಮತ್ತು ಫೋರ್ಡ್ ಕಂಪನಿಗಳು ಬಾಗಿಲು ಹಾಕಿ ಹೋದವು. ಉಳಿದವರು ಕೆಲವೇ ಮಂದಿ. ಕಲಕತ್ತೆಯ ಬಳಿಯ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಮುಂದಿನ ಮೂವತ್ತು ವರ್ಷ ಭಾರತದ ಮಧ್ಯಮ ವರ್ಗಕ್ಕೆ ಕಾರೆಂದರೆ ಈ ಮೂವರು ಕೊಟ್ಟದ್ದು ಮಾತ್ರ. ಅದೇ 1953ರ ಸುಮಾರಿಗೆ ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಗೆ ಬಿಟ್ಟದ್ದರಿಂದ ಸಿಂಧನೂರಿನ ಭಾಗ್ಯ ತೆರೆಯಿತು. ಜೋಳದ ಸೀಮೆಯಲ್ಲಿ ಭತ್ತ ಬಂತು, ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು, ಅಕ್ಕಿ ಗಿರಣಿಗಳಾದವು. ಗಿರಣಿಯ ಸಾಹುಕಾರರ ಅಂಗಳಕ್ಕೆ ಅಂಬಾಸಡರ್ ಬಂದು ನಿಂತಿತು.

ಅಂಬಾಸಡರ್ ಎಂಬುದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು. 1950ರ ದಶಕದ ಕೊನೆಯಲ್ಲಿ ಇಲ್ಲಿ ಹೊಸ ಹೆಸರಿಟ್ಟುಕೊಂಡು 2014ರ ಮೇ ತಿಂಗಳವರೆಗೆ ಬಾಳಿತು. 1489 ಸಿಸಿಯ ಎಂಜಿನ್ನು, ಐವತ್ತು ಚಿಲ್ಲರೆ ಅಶ್ವಶಕ್ತಿ. ನೂರು ಕಿಲೋಮೀಟರು ವೇಗ ಮುಟ್ಟಲು ಅರ್ಧ ನಿಮಿಷದ ಆಸುಪಾಸು ಬೇಕು. ಪತ್ರಿಕೆಗಳಲ್ಲಿ ಅದನ್ನು ಹಾಸ್ಯ ಮಾಡಿದವರು ಬಹಳ ಮಂದಿ. ಆದರೆ ನಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲೆರಡಕ್ಕೆ ಅದರಷ್ಟು ನಿಸ್ಸಂಕೋಚವಾಗಿ ಉತ್ತರ ಕೊಟ್ಟ ಕಾರು ಬೇರೊಂದಿರಲಿಲ್ಲ. ಹದಿನೈದು ಅಂಗುಲದ ಗಾಲಿಗಳು, ಹಿಂಬದಿಗೆ ಲಾರಿಗೆ ಇರುವಂಥದೇ ಪಾಟಾ. ಗೇರಿನ ದಂಡ ಸ್ಟೇರಿಂಗಿನ ಕೆಳಗೆ ಇದ್ದುದರಿಂದ ಮುಂದಿನ ಸೀಟೂ ಒಂದೇ ಉದ್ದನೆಯ ಬೆಂಚು. ಚಾಲಕನ ಪಕ್ಕ ಇಬ್ಬರು ಸಲೀಸಾಗಿ, ಮೂವರು ಕಷ್ಟಪಟ್ಟು. ಹಿಂದೆ ನಾಲ್ವರು ಹಿರಿಯರು, ಅವರ ತೊಡೆಯ ಮೇಲೆ ನಮ್ಮಂಥ ಹುಡುಗರು. ನನ್ನ ಸೋದರತ್ತೆಯ ಮದುವೆಗೆ ಲಿಂಗಸುಗೂರಿನಿಂದ ಬಾಡಿಗೆಗೆ ತಂದ ಅಂಬಾಸಡರಿನಲ್ಲಿ ಹನ್ನೊಂದು ಜನ ಹೋಗಿದ್ದೆವು. ಹಿತ್ತಾಳೆಯ ಕೊಪ್ಪರಿಗೆಯೊಂದು ಡಿಕ್ಕಿಯಲ್ಲಿ ಹಿಡಿಸದೆ ಟಾಪಿನ ಮೇಲೆ ಏರಿತ್ತು. ದಾರಿಯಲ್ಲಿ ಎರಡು ಸಲ ನೀರು ಕುದಿಯಿತು. ಚಾಲಕ ಇಳಿದು ಬಾನೆಟ್ಟು ಎತ್ತಿ, ಹಳ್ಳದ ನೀರು ಹಾಕಿ, ಬೀಡಿ ಸೇದಿ, ಮತ್ತೆ ಹೊರಟ. ಯಾರೂ ಅವಸರಪಡಲಿಲ್ಲ.

ಈ ಕಾರಿನ ಹಿಂದಿನ ಸೀಟು ಅಷ್ಟು ವಿಶಾಲವಾಗಿದ್ದುದು ನಮ್ಮಂಥ ಹನ್ನೊಂದು ಜನರಿಗಾಗಿ ಅಲ್ಲವೆಂಬುದನ್ನೂ ಹೇಳಬೇಕು. ಅದರಲ್ಲಿ ಕೂರಬೇಕಾದವರು ಜಿಲ್ಲಾಧಿಕಾರಿಗಳು, ಶಾಸಕರು, ಮಂತ್ರಿಗಳು. ಮುಂದೆ ಚಾಲಕ, ಹಿಂದೆ ಸಾಹೇಬರು ಎಂಬ ವಿಂಗಡಣೆ ಅದರ ವಿನ್ಯಾಸಕ್ಕೆ ಹೊಂದಿಕೊಂಡಿತು. ಬಿಳಿ ಬಣ್ಣ, ಹಿಂದಿನ ಗಾಜಿಗೆ ಪರದೆ, ಸೀಟಿನ ಮೇಲೆ ಟರ್ಕಿ ಟವೆಲು ಇವಿಷ್ಟಿದ್ದರೆ ಸರಕಾರ ಬಂತೆಂದೇ ಅರ್ಥ. ಸಿಂಹಾಸನ ಸ್ವಲ್ಪ ತಗ್ಗಿತ್ತು, ಅಷ್ಟೆ.

ಪ್ರೀಮಿಯರ್ ಕಂಪನಿಯ ಫಿಯಟ್ 1100 ಬೇರೆಯದೇ ಸ್ವಭಾವದ್ದು. 1089 ಸಿಸಿ, ನಲವತ್ತು ಅಶ್ವಶಕ್ತಿ, ಹಗುರಾದ ಮೈ. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ತಾನೇ ನಡೆಸುವ ವೈದ್ಯರು, ವಕೀಲರು ಅದನ್ನು ಇಷ್ಟಪಟ್ಟರು. ಹಟ್ಟಿ ಚಿನ್ನದ ಗಣಿಯ ಕಡೆ ಹೋದರೆ ಒಂದೆರಡು ಫಿಯಟ್ಟು ಕಣ್ಣಿಗೆ ಬೀಳುತ್ತಿದ್ದವು. ಸಿಂಧನೂರಿನ ಕ್ಯಾಂಪುಗಳ ಕಡೆ ಹೋದರೆ ಜೀಪು, ಅಂಬಾಸಡರ್, ಇಲ್ಲವೆ ಟ್ರ್ಯಾಕ್ಟರು. ಫಿಯಟ್ಟಿನ ಕಾರ್ಯಕ್ಷಮತೆ ಪಟ್ಟಣದ್ದು. ಅದರ ತಳ ನಮ್ಮ ಅಡ್ಡರಸ್ತೆಗಳ ನಡುದಿಣ್ಣೆಗೆ ಬಡಿಯುತ್ತಿತ್ತು.

ಈಗ ನಮ್ಮ ರಾಜ್ಯದ ಪಾತ್ರಕ್ಕೆ ಬರೋಣ. ಕರ್ನಾಟಕದಲ್ಲಿ ಕಾರು ತಯಾರಾದದ್ದು ಬಿಡದಿಯಲ್ಲಿ ಟೊಯೋಟ ಬಂದ ಮೇಲೆ ಎಂದು ಬಹಳ ಜನ ತಿಳಿದಿದ್ದಾರೆ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲೇ, 1970ರ ದಶಕದ ನಡುವಿನಲ್ಲಿ, ಬೆಂಗಳೂರಿನ ಸನ್‌ರೈಸ್ ಎಂಬ ಸಂಸ್ಥೆ ‘ಬಾದಲ್’ ಎಂಬ ಮೂರು ಗಾಲಿಯ ಪುಟ್ಟ ಕಾರನ್ನು ಹೊರತಂದಿತ್ತು. ಮೈಯೆಲ್ಲ ಫೈಬರ್ ಗಾಜಿನದು, ಎಂಜಿನ್ನು ಹಿಂದೆ, ಒಂದೇ ಸಿಲಿಂಡರು. ಸಂಸ್ಥೆ ಮುಂದೆ ಸಿಪಾನಿ ಎಂಬ ಹೆಸರಿನಿಂದ 1982ರಲ್ಲಿ ‘ಡಾಲ್ಫಿನ್’ ಎಂಬ ನಾಲ್ಕು ಗಾಲಿಯ ಕಾರನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್ನು, ಹಿಂದಿನ ಗಾಲಿಗಳಿಗೆ ಚಾಲನೆ, ಫೈಬರ್ ಮೈ. ಒಟ್ಟು ತೂಕ ಅಂಬಾಸಡರಿನ ಅರ್ಧದಷ್ಟು.

ಈ ಡಾಲ್ಫಿನ್ನಿನ ಕಥೆ ನನಗೆ ಬಹಳ ಕುತೂಹಲದ್ದು. ಕುಟುಂಬದ ಕಾರೆಂದು ಮಾಡಿದ್ದು ಕುಟುಂಬಗಳಿಗೆ ಹಿಡಿಸಲಿಲ್ಲ. ಎರಡೇ ಬಾಗಿಲು, ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಸೀರೆಯುಟ್ಟ ಹೆಂಗಸರು, ಮಂಡಿನೋವಿನ ಅಜ್ಜಂದಿರು ಹಾಗೆ ನುಸುಳುವುದು ಹೇಗೆ? ಆದರೆ ಸ್ಪರ್ಧೆಗಿಳಿಯುವ ತರುಣರು ಅದನ್ನು ಕಣ್ಣಿಗೊತ್ತಿಕೊಂಡರು. ಹಗುರ ಮೈ, ಹಿಂಗಾಲಿ ಚಾಲನೆ, ಚುರುಕು ಎಂಜಿನ್ನು ಎಂದರೆ ಓಟದ ಕಾರಿಗೆ ಬೇಕಾದುದೆಲ್ಲ ಅದರಲ್ಲಿತ್ತು. 1980ರ ದಶಕದ ಕಾರೋಟಗಳಲ್ಲೂ ರ್ಯಾಲಿಗಳಲ್ಲೂ ಡಾಲ್ಫಿನ್ ಹೆಸರು ಮಾಡಿತು. ಬೆಂಗಳೂರಿನ ಬೀದಿಯಲ್ಲಿ ನಾನು ಅದನ್ನು ಎರಡು ಮೂರು ಸಲ ಕಂಡಿದ್ದೇನೆ. ನಮ್ಮ ಲಿಂಗಸುಗೂರು–ಸಿಂಧನೂರು ರಸ್ತೆಯಲ್ಲಿ ಒಮ್ಮೆಯೂ ಕಂಡ ನೆನಪಿಲ್ಲ. ಕಂಪನಿ ತಡವಾಗಿ ನಾಲ್ಕು ಬಾಗಿಲಿನ ‘ಮೊಂಟಾನಾ’ ಮಾಡಿತು, 1990ರ ದಶಕದಲ್ಲಿ ರೋವರ್ ಮೊಂಟೆಗೊ ಎಂಬ ದುಬಾರಿ ಕಾರು ಜೋಡಿಸಿ ನೋಡಿತು, ಯಾವುದೂ ನಡೆಯಲಿಲ್ಲ. 1998ರಲ್ಲಿ ಗೋವೆಯಿಂದ ಬಂದ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ಕ್ರೀಡಾ ಕಾರಿನ ಗತಿಯೂ ಹೆಚ್ಚುಕಡಿಮೆ ಇದೇ. ಮೈ ಅದರದೂ ಫೈಬರಿನದು, ಎಂಜಿನ್ನು ಫ್ರಾನ್ಸಿನ ರೆನೋ ಕಂಪನಿಯದು, ಮೇಲೆ ಮಡಚುವ ಚಾವಣಿ. ಎರಡೇ ಮಂದಿ ಹಿಡಿಯುವ, ತಳ ಬಡಿಯುವ ಕಾರನ್ನು ನಮ್ಮ ಎರೆಸೀಮೆಯಲ್ಲಿ ಯಾರು ಕೊಂಡಾರು?

ಡಾಲ್ಫಿನ್ನನ್ನು ಮುಳುಗಿಸಿದ್ದು ಮಾರುತಿ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರಿಸಿದರು. ಜಪಾನಿನ ಸುಜುಕಿಯ ವಿನ್ಯಾಸ, 796 ಸಿಸಿ, ಮೂರು ಸಿಲಿಂಡರು, ಮುಂಗಾಲಿ ಚಾಲನೆ, ಐವತ್ತು ಸಾವಿರದ ಆಸುಪಾಸಿನ ಬೆಲೆ. ಎಂಜಿನ್ನನ್ನು ಅಡ್ಡಲಾಗಿಟ್ಟು ಮುಂಗಾಲಿಗೇ ಚಾಲನೆ ಕೊಟ್ಟುದರಿಂದ ಪುಟ್ಟ ಕಾರಿನಲ್ಲೂ ಒಳಗೆ ಜಾಗ ಸಿಕ್ಕಿತು; ಬಾಗಿಲೂ ನಾಲ್ಕು. ಮೂರನೆಯ ಪ್ರಶ್ನೆಗೆ, ಅಂದರೆ ಆವರೇಜಿನ ಪ್ರಶ್ನೆಗೆ, ಭಾರತದ ಕಾರೊಂದು ತಲೆಯೆತ್ತಿ ಉತ್ತರ ಹೇಳಿದ್ದು ಅದೇ ಮೊದಲು. 2014ರ ಜನವರಿಯಲ್ಲಿ ನಿಲ್ಲುವ ಹೊತ್ತಿಗೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದವು. ಆದರೆ ಅದರ ಗಾಲಿ ಹನ್ನೆರಡು ಅಂಗುಲದ್ದು. ಅದರ ಹಿಂದಿನ ಸೀಟನ್ನು ಮಾಡಿದವನ ಕಣ್ಣ ಮುಂದೆ ಇದ್ದುದು ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರ. ಬೆಂಗಳೂರಿನ ಬ್ಯಾಂಕ್ ನೌಕರನ ಸಂಸಾರ ಅದು, ಮಸ್ಕಿಯ ಒಕ್ಕಲಿಗನದಲ್ಲ.

ನಮ್ಮ ಕಡೆಯ ಒಕ್ಕಲುತನದ ಮನೆಗಳಿಗೆ, ಕೂಲಿಯ ಜನಕ್ಕೆ ಬೇಕಾದ ವಾಹನ ಬೇರೆ ದಾರಿಯಿಂದ ಬಂತು. ಮಹೀಂದ್ರ ಜೀಪು ಮೊದಲಿನಿಂದ ಇದ್ದೇ ಇತ್ತು. ಯುದ್ಧಕ್ಕಾಗಿ ಹುಟ್ಟಿದ ಅಮೆರಿಕದ ವಿಲ್ಲಿಸ್ ಜೀಪು ನಮ್ಮಲ್ಲಿ ಸಂತೆಯ ವಾಹನವಾಯಿತು. ಅನಂತರ ಪುಣೆಯ ಬಜಾಜ್ ಟೆಂಪೊ ಕಂಪನಿಯ (2005ರಿಂದ ಅದರ ಹೆಸರು ಫೋರ್ಸ್ ಮೋಟರ್ಸ್) ಟ್ರ್ಯಾಕ್ಸ್ ಬಂತು, ಕ್ರೂಸರ್ ಬಂತು. ಉತ್ತರ ಕರ್ನಾಟಕದ ಚರಿತ್ರೆ ಬರೆಯುವವರು ಕ್ರೂಸರನ್ನು ಬಿಟ್ಟು ಬರೆಯುವಂತಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಶಾಲೆಗೆ ಬಸ್ಸು ತಪ್ಪಿದ ದಿನಗಳಲ್ಲಿ ನಾನು ಹೋಗುತ್ತಿದ್ದುದು ಇಂಥದರಲ್ಲೇ. ಹಿಂದೆ ಎದುರುಬದುರು ಎರಡು ಬೆಂಚು. “ಸರ, ಸ್ವಲ್ಪ ಸರೀರಿ, ಇನ್ನೊಬ್ರು ಕುಂದರ್ತಾರ” ಎಂದು ಕ್ಲೀನರ್ ಹುಡುಗ ಹೇಳುತ್ತಿದ್ದ. ಎಷ್ಟೋ ಸಲ ಆ ಹುಡುಗ ನನ್ನ ಹಳೆಯ ವಿದ್ಯಾರ್ಥಿಯೇ ಆಗಿರುತ್ತಿದ್ದ. ಸರಿಯದೆ ಉಪಾಯವಿರಲಿಲ್ಲ. ಕಾಗದದಲ್ಲಿ ಹದಿಮೂರು ಜನ, ಒಳಗೆ ಇಪ್ಪತ್ತು, ಟಾಪಿನ ಮೇಲೆ ಮೂಟೆ.

2000ದ ಜನವರಿಯಲ್ಲಿ ಬಿಡದಿಯಿಂದ ಟೊಯೋಟ ಕ್ವಾಲಿಸ್ ಹೊರಬಂದಾಗ ಅದನ್ನು ಹಳೆಯ ಪೆಟ್ಟಿಗೆ ಎಂದು ಬಲ್ಲವರು ಹೀಗಳೆದರು. ಇಂಡೊನೇಷ್ಯದಲ್ಲಿ ಹಳತಾದ ಕಿಜಾಂಗ್ ಎಂಬ ಮಾದರಿಯ ರೂಪಾಂತರವದು. ಆದರೆ ಆ ಹಳೆಯ ಪೆಟ್ಟಿಗೆಗೆ ಏಣಿಯಂಥ ಗಟ್ಟಿ ಚಾಸಿ ಇತ್ತು, ಹಿಂಬದಿಗೆ ಪಾಟಾ ಇತ್ತು, 2.4 ಲೀಟರಿನ ದಣಿಯದ ಡೀಸೆಲ್ ಎಂಜಿನ್ನಿತ್ತು, ಎಂಟರಿಂದ ಹತ್ತು ಜನ ಹಿಡಿಯುತ್ತಿತ್ತು. ಅಂಬಾಸಡರಿನ ಗುಣಗಳೇ ಜಪಾನಿನ ನಂಬಿಕೆಯೊಡನೆ ಮರಳಿ ಬಂದಂತಾಯಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಪಾಲುದಾರರಾದ ಕಿರ್ಲೋಸ್ಕರ್ ಮನೆತನದ ಮೂಲಪುರುಷ ಲಕ್ಷ್ಮಣರಾಯರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು, ಉದ್ಯಮ ಆರಂಭಿಸಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ ಎಂಬುದು ನಮ್ಮ ಕಡೆಯ ಮಕ್ಕಳಿಗೆ ತಿಳಿದಿರಲಿ.

ಬೆಂಗಳೂರು ಇನ್ನೊಂದು ಸಾಹಸವನ್ನೂ ಮಾಡಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದುವಾಗ 1990ರಲ್ಲಿ ಸೌರಶಕ್ತಿಯ ಓಟದ ಕಾರು ಕಟ್ಟಿದ ತಂಡದಲ್ಲಿದ್ದ ಚೇತನ್ ಮೈನಿಯವರು ಮರಳಿ ಬಂದು 2001ರಲ್ಲಿ ‘ರೇವಾ’ ಎಂಬ ವಿದ್ಯುತ್ ಕಾರನ್ನು ಮಾರಾಟಕ್ಕೆ ತಂದರು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಚಿಕ್ಕ ಮಕ್ಕಳು, ಸೀಸದ ಬ್ಯಾಟರಿ, ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗಬಹುದಿತ್ತು, ಅದೇ ಚಾರ್ಜಿನಲ್ಲಿ ಮರಳಿ ಬರುವಂತಿರಲಿಲ್ಲ! ಲಂಡನ್ನಿನಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಮಾರಾಟವಾಯಿತು. 2010ರಲ್ಲಿ ಮಹೀಂದ್ರ ಆ ಸಂಸ್ಥೆಯನ್ನು ವಶಕ್ಕೆ ತೆಗೆದುಕೊಂಡಿತು. ಅದೇ ಮಹೀಂದ್ರ 2024ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ‘ಬಿಇ 6’ ಎಂಬ ವಿದ್ಯುತ್ ಕಾರು ನೂರು ಕಿಲೋಮೀಟರು ವೇಗವನ್ನು 6.7 ಸೆಕೆಂಡಿನಲ್ಲಿ ಮುಟ್ಟುತ್ತದೆಂದು ಕಂಪನಿ ಹೇಳುತ್ತದೆ. 1970ರ ದಶಕದ ಫೆರಾರಿ 308ಕ್ಕೆ ಬೇಕಾಗುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ ಸಮಯ. ಅಂದರೆ ಅಂದು ಇಟಲಿಯ ಶ್ರೀಮಂತ ತರುಣನ ಕೈಯಲ್ಲಿದ್ದ ಕಾರ್ಯಕ್ಷಮತೆ ಇಂದು ಮಕ್ಕಳನ್ನು ಶಾಲೆಗೆ ಬಿಡುವ ಕಾರಿಗೆ ಬಂದಿದೆ. ವಿಚಿತ್ರವೆಂದರೆ ಇದೇ ಹೊತ್ತಿನಲ್ಲಿ ಕ್ರೀಡಾ ಕಾರು ಮಾಡುವವರು ತಮ್ಮ ಕಾರುಗಳ ತಳ ಎತ್ತರಿಸುತ್ತಿದ್ದಾರೆ. ಪೋರ್ಶೆ 2002ರಲ್ಲಿ, ಫೆರಾರಿ 2022ರಲ್ಲಿ ನಾಲ್ಕು ಬಾಗಿಲಿನ ಎತ್ತರದ ಕಾರು ಮಾಡಿದವು. ತಳ ಬಡಿಯುತ್ತದೆಯೇ, ಎಷ್ಟು ಮಂದಿ ಹಿಡಿಯುತ್ತದೆ ಎಂದು ಅವರ ಗಿರಾಕಿಗಳೂ ಕೇಳತೊಡಗಿರಬೇಕು.

ವೇಗ ಹೀಗೆ ಮನೆಮನೆಗೆ ಬಂದಿರುವುದರಿಂದ ಹಿಂದಿನ ಸೀಟಿನವನಾದ ನಾನು ಒಂದು ಮಾತು ಕೇಳಬೇಕಾಗಿದೆ. ಶಾಲೆಯ ವಿಜ್ಞಾನದ ಪಾಠ ನೆನಪಿದ್ದವರಿಗೆ ಗೊತ್ತು, ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ನಮ್ಮ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ಅದರ ಮೇಲೆ ಭತ್ತದ ಟ್ರ್ಯಾಕ್ಟರು, ಹತ್ತಿಯ ಲಾರಿ, ಎಮ್ಮೆ, ಸೈಕಲ್ಲು ಎಲ್ಲವೂ ಇವೆ. ಅಂಬಾಸಡರಿನ ಅರವತ್ತು ಕಿಲೋಮೀಟರು ವೇಗಕ್ಕೆ ಒಗ್ಗಿದ ಜನ ನೂರಿಪ್ಪತ್ತರ ಕಾರಿನ ಮುಂದೆ ರಸ್ತೆ ದಾಟುತ್ತಾರೆ.

ವಿನ್ಯಾಸಕಾರರು ಸುಮ್ಮನೆ ಕುಳಿತಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿದಾಗ ಐದಕ್ಕೆ ಐದೂ ಸೊನ್ನೆ ತಾರೆ ಪಡೆದವು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ತಾರೆ ಪಡೆಯಿತು. 2019ರಿಂದ ಚಾಲಕನ ಗಾಳಿಚೀಲವೂ, 80 ದಾಟಿದರೆ ಕೂಗುವ ಎಚ್ಚರಿಕೆಯೂ ಕಡ್ಡಾಯವಾದವು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇದೆ. ಹತ್ತು ವರ್ಷಗಳಲ್ಲಿ ಇಷ್ಟು ಪ್ರಗತಿ ಸಾಮಾನ್ಯವಲ್ಲ. ಆದರೆ ಆ ತಾರೆಗಳೆಲ್ಲ 64ರ ವೇಗಕ್ಕೆ, ಬೆಲ್ಟು ಕಟ್ಟಿಕೊಂಡು ಕೂತ ಬೊಂಬೆಗಳಿಗೆ ಸಿಕ್ಕವು. 2022ರ ಸೆಪ್ಟೆಂಬರ್ 4ರಂದು ಮುಂಬಯಿ ದಾರಿಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರಿದ್ದ ಐಷಾರಾಮಿ ಕಾರು ಸೇತುವೆಯ ಕಟ್ಟೆಗೆ ಬಡಿದಾಗ ಮುಂದಿನ ಇಬ್ಬರು ಉಳಿದರು. ಬೆಲ್ಟಿಲ್ಲದೆ ಹಿಂದೆ ಕುಳಿತಿದ್ದ ಇಬ್ಬರು ತೀರಿಕೊಂಡರು.

ಇನ್ನು ಕ್ರೂಸರಿನಂಥ ವಾಹನಗಳ ಮಾತು. ಚಾಲಕನನ್ನು ಬಿಟ್ಟು ಎಂಟಕ್ಕಿಂತ ಹೆಚ್ಚು ಜನ ಕೂರುವ ವಾಹನ ಈ ತಾರೆಗಳ ಪರೀಕ್ಷೆಗೆ ಬರುವುದೇ ಇಲ್ಲ. ನಮ್ಮ ಜಿಲ್ಲೆಯ ಬಡವರು ಓಡಾಡುವುದು ಅಂಥವುಗಳಲ್ಲಿ. ಅದೇ 2022ರ ಆಗಸ್ಟ್ 25ರಂದು ಬೆಂಗಳೂರಿಗೆ ದುಡಿಯಲು ಹೊರಟಿದ್ದ ರಾಯಚೂರು ಜಿಲ್ಲೆಯ ಕೂಲಿಕಾರರ ವಾಹನ ಶಿರಾ ಬಳಿ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಜನ ತೀರಿಕೊಂಡರು. ಒಳಗಿದ್ದವರು ಇಪ್ಪತ್ತಕ್ಕೂ ಹೆಚ್ಚು. 2025ರ ಜನವರಿಯಲ್ಲಿ ಮಂತ್ರಾಲಯದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳನ್ನು ಹಂಪಿಯ ಕಡೆ ಒಯ್ಯುತ್ತಿದ್ದ ವಾಹನ ನಮ್ಮ ಸಿಂಧನೂರಿನ ಬಳಿಯೇ ಉರುಳಿ ಮೂವರು ವಿದ್ಯಾರ್ಥಿಗಳು, ಚಾಲಕ ಸೇರಿ ನಾಲ್ವರು ಹೋದರು. ಮಿಸ್ತ್ರಿಯವರ ಸಾವಿನ ಮರುವಾರವೇ ಹಿಂದಿನ ಸೀಟಿನ ಬೆಲ್ಟಿನ ಬಗ್ಗೆ ದಿಲ್ಲಿಯಲ್ಲಿ ಚರ್ಚೆಯಾಯಿತು. ಹದಿಮೂರು ಸೀಟಿನ ವಾಹನದ ಹಿಂದಿನ ಬೆಂಚಿನ ಬಗ್ಗೆ ಅಂಥ ಚರ್ಚೆಯನ್ನು ನಾನು ಎಲ್ಲಿಯೂ ಓದಲಿಲ್ಲ. ಕಾರಿನ ವಿನ್ಯಾಸ ಮಾಡುವ ಕೆಲಸದಲ್ಲಿರುವ ನನ್ನ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಒಂದು ಸಂಜೆ ಬಿಡುವು ಮಾಡಿಕೊಂಡು ಲಿಂಗಸುಗೂರಿನ ಬಸ್ ನಿಲ್ದಾಣದ ಹೊರಗೆ ನಿಂತು ಅದರೊಳಗೆ ಜನ ಹೇಗೆ ಕೂರುತ್ತಾರೆಂದು ಎಣಿಸಿ ನೋಡಿ.

ಇದ್ದ ಬೆಲ್ಟನ್ನು ನಾವು ಏನು ಮಾಡುತ್ತೇವೆ ಎಂಬುದೂ ಇದೆ. ಸಿಂಧನೂರಿನಲ್ಲಿ ಹೊಸ ಕಾರು ತಂದವರು ಪೂಜೆಯಾದೊಡನೆ ಹೋಗುವುದು ಸೀಟ್ ಕವರಿನ ಅಂಗಡಿಗೆ. ಕಳೆದ ತಿಂಗಳು ಬಂಧುವೊಬ್ಬರ ಹೊಸ ಕಾರಿನಲ್ಲಿ ಲಿಂಗಸುಗೂರಿನಿಂದ ಹೊರಟಾಗ ಅವರ ಮೊಮ್ಮಗಳೂ ನಾನೂ ಹಿಂದಿನ ಸೀಟಿನಲ್ಲಿ ಬೆಲ್ಟಿನ ಕೊಂಡಿ ಹುಡುಕತೊಡಗಿದೆವು. ಮಸ್ಕಿ ಬರುವಷ್ಟರಲ್ಲಿ ಒಂದು ಸಿಕ್ಕಿತು. ಉಳಿದೆರಡು ಹೊಸ ಕವರಿನ ಅಡಿಯಲ್ಲಿ ಹೊಲಿದು ಹೋಗಿದ್ದವು. ಸಿಕ್ಕಿದ್ದನ್ನು ಹುಡುಗಿಗೆ ಕಟ್ಟಿದೆ.